ಬೈಗುಳದಲ್ಲೂ ಸಂಸ್ಕೃತಿ ಇದೆ, ಮಗಾ

(1/5)
ನವೆಂಬರ್ 1ಕ್ಕೆ ನಿಮ್ಮೆಲ್ಲರ ಸ್ಟೇಟಸ್ ನೋಡ್ದೆ. ಹಳದಿ-ಕೆಂಪು ಬಾವುಟ, ಕೆಳಗೆ ‘ಭಾಷೆ ಉಳಿದ್ರೆ ಸಂಸ್ಕೃತಿ ಉಳಿಯುತ್ತೆ’. ಒಪ್ದೆ, ಲೈಕೂ ಕೊಟ್ಟೆ. ಅರ್ಧ ಗಂಟೆ ಬಿಟ್ಟು ಕ್ಲಾಸ್ ಗ್ರೂಪ್ ತೆಗೆದ್ರೆ ಅದೇ ಕೈಗಳು ‘ಬೋಳಿಮಗನೆ’ ಅಂತ ಟೈಪ್ ಮಾಡ್ತಿದ್ವು. ಹಾಗಾದ್ರೆ ಉಳೀತಿರೋದು ಯಾವ ಸಂಸ್ಕೃತಿ?

(2/5)
ಬೋಳಿ ಅಂದ್ರೆ ತಲೆ ಬೋಳಿಸಿದ ಹೆಂಗಸು. ಮುಂಡೆ ಅಂದ್ರೂ ಅದೇ. ರಂಡೆ ಅನ್ನೋದರ ಮೂಲ ಅರ್ಥ ವಿಧವೆ. ಬೈಗುಳ ಮೂರು, ಬೈಸಿಕೊಳ್ಳೋಳು ಒಬ್ಬಳೇ: ಗಂಡ ಸತ್ತವಳು.

ಕೆಲವು ಜಾತಿಗಳಲ್ಲಿ ಗಂಡ ಸತ್ತವಳ ಬಳೆ ಒಡೆದು, ತಲೆ ಬೋಳಿಸಿ, ಮೂಲೆಗೆ ಕೂರಿಸ್ತಿದ್ರು. ಆಗಷ್ಟೇ ಹರೆಯಕ್ಕೆ ಬಂದ ಹುಡುಗಿಯರನ್ನೂ ಬಿಡ್ಲಿಲ್ಲ. ನಂಬಿಕೆ ಬರ್ದಿದ್ರೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿ. ಓದೋಕೆ ಬೇಜಾರಾದ್ರೆ 1983ರಲ್ಲಿ ಪ್ರೇಮಾ ಕಾರಂತರು ಮಾಡಿದ ಸಿನಿಮಾ ನೋಡಿ.

(3/5)
‘ಅರ್ಥ ಯಾರು ನೋಡ್ತಾರೆ ಗುರು, ಫ್ಲೋನಲ್ಲಿ ಬರುತ್ತೆ. ನಮ್ಮಜ್ಜಿನೂ ಪ್ರೀತಿಯಿಂದ ಮುಂಡೇದೇ ಅಂತಾರೆ.’

ನಮ್ಮಜ್ಜಿನೂ ಅಂತಾರೆ. ಅವರ ಪ್ರೀತಿ ಸುಳ್ಳಲ್ಲ. ಆದ್ರೆ ಒಂದು ಪ್ರಶ್ನೆ. ಹೆಂಡತಿ ಸತ್ತವನಿಗೂ ಕನ್ನಡದಲ್ಲಿ ಪದ ಇದೆ, ವಿಧುರ. ‘ವಿಧುರನ ಮಗನೆ’ ಅಂತ ಯಾರಾದ್ರೂ ಬೈದಿದ್ದು ಕೇಳಿದ್ದೀರಾ? ಸಾವು ಇಬ್ಬರಿಗೂ ಒಂದೇ, ಬೈಗುಳ ಆಗಿದ್ದು ಅವಳೊಬ್ಬಳೇ. ಇದು ಫ್ಲೋ ಅಲ್ಲ. ಯಾರನ್ನ ಕೀಳಾಗಿ ನೋಡಬೇಕು ಅಂತ ಹಿಂದಿನವರು ತೀರ್ಮಾನ ಮಾಡಿಟ್ಟಿದ್ದನ್ನ ನಾವು ನಾಲಿಗೆ ಮೇಲೆ ಹೊತ್ತುಕೊಂಡು ಓಡಾಡ್ತಿದ್ದೀವಿ.

(4/5)
ಫಸ್ಟ್ ಇಯರ್‌ನಲ್ಲಿ ಒಬ್ಬ ಫ್ರೆಂಡ್‌ಗೆ ತಮಾಷೆಗೆ ‘ಮುಂಡೇಮಗನೆ’ ಅಂದೆ. ಎಲ್ಲರೂ ನಕ್ರು, ಅವನೂ ನಕ್ಕ. ಆಮೇಲೆ ಬಸ್ ಸ್ಟಾಪ್‌ನಲ್ಲಿ ಮೆಲ್ಲಗೆ ಹೇಳ್ದ: ‘ನಮ್ಮಪ್ಪ ಹೋಗಿ ಎರಡು ವರ್ಷ ಆಯ್ತು ಕಣೋ. ನೀನು ಹೇಳಿದ್ದು ಸರೀನೇ ಇದೆ.’

ನನಗೆ ಸಾರಿ ಅನ್ನೋಕೂ ಬಾಯಿ ಬರ್ಲಿಲ್ಲ. ಅವನ ಅಮ್ಮ ಅದೆಷ್ಟು ಸಲ ನನಗೆ ಊಟ ಬಡಿಸಿದ್ರು.

(5/5)
ವಿಧವೆಯರ ಮರುಮದುವೆಗೆ ಕಾನೂನು ಬಂದಿದ್ದು 1856ರಲ್ಲಿ. ಗುಲ್ವಾಡಿ ವೆಂಕಟರಾಯರು ವಿಧವೆಯೊಬ್ಬಳ ಮರುಮದುವೆಯ ಕತೆ ‘ಇಂದಿರಾಬಾಯಿ’ ಬರೆದಿದ್ದು 1899ರಲ್ಲಿ. ಇದೂ ಕನ್ನಡದ್ದೇ ಸಂಸ್ಕೃತಿ. ಬೈಗುಳ ಮಾಡಿದ್ದೂ ಕನ್ನಡವೇ, ಅದನ್ನ ಪ್ರಶ್ನೆ ಮಾಡಿದ್ದೂ ಕನ್ನಡವೇ. ಯಾವುದನ್ನ ಉಳಿಸ್ತೀರಿ, ನೀವೇ ಹೇಳಿ.

ಬೈಯೋದೇ ಬೇಡ ಅಂತಿಲ್ಲ. ಕತ್ತೆ ಅನ್ನಿ, ಕೋತಿ ಅನ್ನಿ, ಬೆಪ್ಪುತಕ್ಕಡಿ ಅನ್ನಿ. ನನಗೂ ಅನ್ನಿ, ಕಮೆಂಟ್ ಬಾಕ್ಸ್ ಓಪನ್ ಇದೆ. ನಮ್ಮಮ್ಮನ್ನ ಮಾತ್ರ ಬಿಟ್ಬಿಡಿ. ಅವನ ಅಮ್ಮನ್ನೂ.

#ಕನ್ನಡ #ಮಾತುಮರ್ಯಾದೆ