ಒಂದೇ ಪಯಣದ ‘ಕೋಬ್ರಾ’

ಪ್ರೊಡಕ್ಷನ್‌ನಲ್ಲಿ ಏನಾದ್ರೂ ಕೈಕೊಟ್ರೆ ಎಲ್ಲರೂ ಮೊದಲು ಬೆರಳು ತೋರಿಸೋದು ಹೊಸದಾಗಿ ಸೇರಿಸಿದ ಕೋಡ್ ಕಡೆಗೆ. 1901ರಲ್ಲಿ ಬ್ರಿಟಿಷ್ ನೌಕಾಪಡೆಗೂ ಇದೇ ಪ್ರಶ್ನೆ ಬಂತು. ಆದರೆ ಅಲ್ಲಿ ಹೋಗಿದ್ದು 67 ಜೀವ.

ಆಗ ಡಿಸ್ಟ್ರಾಯರ್‌ಗಳು ಇನ್ನೂ ಹೊಸವು. ಶತ್ರುಗಳ ಟಾರ್ಪೆಡೋ ದೋಣಿಗಳನ್ನು ಅಟ್ಟಿಸಿಕೊಂಡು ಹೋಗೋದೇ ಅವುಗಳ ಕೆಲಸ, ಹಾಗಾಗಿ ವೇಗವೇ ಎಲ್ಲ. 1897ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ತಮ್ಮ ‘ಟರ್ಬೀನಿಯಾ’ ದೋಣಿಯನ್ನು ರಾಣಿ ವಿಕ್ಟೋರಿಯಾರ ನೌಕಾ ಪ್ರದರ್ಶನದ ನಡುವೆಯೇ ಓಡಿಸಿ, ಸ್ಟೀಮ್ ಟರ್ಬೈನ್ ಅಂದ್ರೇನು ಅಂತ ಎಲ್ಲರಿಗೂ ತೋರಿಸಿದ್ರು. (ಇಂಥ ಡೆಮೋ ಕೊಡೋ ಧೈರ್ಯ ನಮ್ಮಲ್ಲಿ ಯಾರಿಗಿದೆ?) ಆಮೇಲೆ ಬಂದವೇ ಎರಡು ಟರ್ಬೈನ್ ಡಿಸ್ಟ್ರಾಯರ್‌ಗಳು, ‘ವೈಪರ್’ ಮತ್ತು ‘ಕೋಬ್ರಾ’. ವೈಪರ್ ಪರೀಕ್ಷೆಯಲ್ಲಿ 36 ನಾಟ್ ದಾಟಿತು, ಅಂದ್ರೆ ಗಂಟೆಗೆ ಸುಮಾರು 67 ಕಿಲೋಮೀಟರ್. 1901ರ ಆಗಸ್ಟ್‌ನಲ್ಲಿ ಆಲ್ಡರ್ನಿ ದ್ವೀಪದ ಹತ್ತಿರ ಮಂಜಿನಲ್ಲಿ ಬಂಡೆಗೆ ಬಡಿದು ಅದು ಹೋಯ್ತು, ಜನ ಮಾತ್ರ ಬದುಕಿದ್ರು.

ಕೋಬ್ರಾ ಕಥೆ ಬೇರೆ. ಆರ್ಮ್‌ಸ್ಟ್ರಾಂಗ್ ಕಂಪನಿ ಯಾರ ಆರ್ಡರ್ ಕೂಡ ಇಲ್ಲದೆ ಕಟ್ಟಿದ್ದ ಹಡಗನ್ನು ನೌಕಾಪಡೆ 1900ರಲ್ಲಿ ಕೊಂಡಿತ್ತು. 1901ರ ಸೆಪ್ಟೆಂಬರ್ 17ರಂದು ಅದು ಟೈನ್ ನದಿಯಿಂದ ಪೋರ್ಟ್ಸ್‌ಮತ್ ಕಡೆಗೆ ಹೊರಟಿತು. ನೌಕಾಪಡೆಯವರ ಜೊತೆ ಪಾರ್ಸನ್ಸ್ ಕಂಪನಿಯ ಕೆಲಸಗಾರರೂ ಇದ್ದರು, ಒಟ್ಟು 79 ಮಂದಿ. ಮರುದಿನ ಬೆಳಿಗ್ಗೆ ನಾರ್ತ್ ಸೀಯ ಅಲೆಗಳ ನಡುವೆ ಹಡಗು ನಡುವಲ್ಲೇ ಎರಡು ತುಂಡಾಯ್ತು. ಪುಟ್ಟ ದೋಣಿಯೊಂದರಲ್ಲಿ ಬದುಕುಳಿದವರು 12 ಜನ ಮಾತ್ರ.

ಕೋರ್ಟ್ ಮಾರ್ಷಲ್ ವಿಚಾರಣೆಯಲ್ಲಿ, ಯಾವುದಕ್ಕೋ ಡಿಕ್ಕಿ ಹೊಡೆದಿರಬೇಕು ಅನ್ನೋ ವಾದವೂ ಬಂತು. ನ್ಯಾಯಾಲಯ ಒಪ್ಪಲಿಲ್ಲ. ಹಡಗು ನೆಲಕ್ಕೂ ತಾಗಿಲ್ಲ, ಇನ್ನೇನಕ್ಕೂ ಬಡಿದಿಲ್ಲ, ಉಳಿದ ಡಿಸ್ಟ್ರಾಯರ್‌ಗಳಿಗಿಂತ ಅದರ ಒಡಲೇ ದುರ್ಬಲ ಎಂದಿತು. ಇಂಥ ಹಡಗನ್ನು ಕೊಂಡಿದ್ದೇ ವಿಷಾದಕರ ಅಂತಲೂ ಹೇಳಿತು. ಸರ್ಕಾರಿ ನ್ಯಾಯಾಲಯವೊಂದು ಸರ್ಕಾರದ ಖರೀದಿ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ್ದು ನನಗಂತೂ ಆಶ್ಚರ್ಯವೇ.

ಎರಡು ತಿಂಗಳಲ್ಲಿ ಎರಡೂ ಟರ್ಬೈನ್ ಹಡಗು ಹೋಗಿದ್ದವು. ಟರ್ಬೈನೇ ಬೇಡ ಅಂತ ಕೈಬಿಡೋದು ಸುಲಭವಿತ್ತು. ಆದ್ರೆ ನೌಕಾಪಡೆ ಎಂಜಿನ್ನಿನ ಪ್ರಶ್ನೆಯನ್ನು ಒಡಲಿನ ಪ್ರಶ್ನೆಯಿಂದ ಬೇರೆ ಮಾಡಿತು. ‘ವುಲ್ಫ್’ ಅನ್ನೋ ಇನ್ನೊಂದು ಡಿಸ್ಟ್ರಾಯರನ್ನು ಡ್ರೈ ಡಾಕ್‌ಗೆ ತಂದರು. ಒಮ್ಮೆ ಮಧ್ಯಕ್ಕೆ ಮಾತ್ರ, ಇನ್ನೊಮ್ಮೆ ಎರಡು ತುದಿಗಳಿಗೆ ಮಾತ್ರ ಆಧಾರ ಕೊಟ್ಟು, ನೀರು ಇಳಿಸ್ತಾ ಒಡಲು ಎಷ್ಟು ಬಾಗುತ್ತೆ ಅಂತ ಅಳೆದರು. ಅಲೆಯ ಮೇಲೆ ಹಡಗಿಗೆ ಆಗೋದೂ ಇದೇ. ವುಲ್ಫ್ ತಡೆದುಕೊಂಡಿತು.

ಟರ್ಬೈನ್ ಕೂಡ ಉಳಿಯಿತು. 1906ರಲ್ಲಿ ನೀರಿಗಿಳಿದ ಯುದ್ಧನೌಕೆ ‘ಡ್ರೆಡ್‌ನಾಟ್’ ಓಡಿದ್ದು ಪಾರ್ಸನ್ಸ್ ಟರ್ಬೈನ್‌ಗಳಿಂದಲೇ.