ಯಲಹಂಕಕ್ಕೆ ಅಮೆರಿಕದಂಥ ಅಧ್ಯಕ್ಷರು ಬೇಕೇ?

2025ರ ಸೆಪ್ಟೆಂಬರ್ 19, ಶುಕ್ರವಾರ. ಹೊಸ ಎಚ್-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆಗೆ ಅಮೆರಿಕದ ಅಧ್ಯಕ್ಷರು ಸಹಿ ಹಾಕಿದರು. ಜಾರಿಗೆ ಎರಡು ದಿನವೂ ಇರಲಿಲ್ಲ. ಈಗಾಗಲೇ ವೀಸಾ ಇರುವವರಿಗೂ ಇದು ಅನ್ವಯಿಸುತ್ತದೆಯೇ ಎಂಬುದು ಮಾರನೆಯ ದಿನದವರೆಗೂ ಯಾರಿಗೂ ಖಚಿತವಿರಲಿಲ್ಲ. ಆರ್.ಟಿ. ನಗರ, ಸಹಕಾರನಗರ, ಯಲಹಂಕ ನ್ಯೂಟೌನ್‌ಗಳಲ್ಲಿ ಮಕ್ಕಳನ್ನು ಅಮೆರಿಕಕ್ಕೆ ಕಳಿಸಿರುವ ಮನೆಗಳು ಒಂದೆರಡಲ್ಲ. ಒಬ್ಬ ವ್ಯಕ್ತಿಯ ಒಂದು ರುಜುವಿಗೆ ಎಷ್ಟು ದೂರ ಮುಟ್ಟುವ ಬಲವಿದೆ ಎಂಬುದು ಆ ವಾರಾಂತ್ಯದಲ್ಲಿ ಇಂಥ ಮನೆಗಳಿಗೆ ಅರ್ಥವಾಯಿತು.

ಅದಕ್ಕೂ ಹನ್ನೊಂದು ತಿಂಗಳು ಹಿಂದೆ ಇದೇ ಯಲಹಂಕದಲ್ಲಿ ಕೆರೆ ಕೋಡಿ ಬಿದ್ದು ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತ್ತು. ನಿವಾಸಿಗಳನ್ನು ದೋಣಿಯಲ್ಲಿ ಹೊರಗೆ ಕರೆತರಬೇಕಾಯಿತು. 2021ರ ನವೆಂಬರ್‌ನಲ್ಲೂ ಇದೇ ಆಗಿತ್ತು. ರಾಜಕಾಲುವೆ ಏಕೆ ಅಗಲವಾಗಲಿಲ್ಲ ಎಂದು ಕೇಳಲು ಆಗ ಮೇಯರ್ ಇರಲಿಲ್ಲ, ಕಾರ್ಪೊರೇಟರ್ ಕೂಡ ಇರಲಿಲ್ಲ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಗರವನ್ನು ನಡೆಸಿದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಮತ್ತು ಕಮಿಷನರ್‌ಗಳು.

ಜನರೇ ನೇರವಾಗಿ ಆರಿಸುವ, ಐದು ವರ್ಷ ಅಲುಗದೆ ಕೂರುವ, ಅಮೆರಿಕದ ಅಧ್ಯಕ್ಷರ ಮಾದರಿಯ ಮೇಯರ್ ನಮಗೂ ಬೇಕು ಎಂಬ ಬೇಡಿಕೆ ಹಳೆಯದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದ ಮೇಲೆ, ಅದರಲ್ಲೂ ಯಲಹಂಕ, ಹೆಬ್ಬಾಳಗಳು ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದ ಮೇಲೆ, ಆ ಮಾತಿಗೆ ಮತ್ತೆ ಜೀವ ಬಂದಿದೆ. ಎರಡೂ ಪಕ್ಷದ ವಾದಗಳಲ್ಲಿ ಹುರುಳಿದೆ.

ನೇರ ಆಯ್ಕೆ ಬೇಕು ಎನ್ನುವವರ ಕೈಯಲ್ಲಿರುವ ಗಟ್ಟಿ ಸಾಕ್ಷಿ 2015ರ ಚುನಾವಣೆ. 198 ವಾರ್ಡ್‌ಗಳಲ್ಲಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಪಕ್ಷೇತರರೂ ಇತರರೂ ಸೇರಿ 8 ಗೆದ್ದರು. ಅರ್ಧಕ್ಕಿಂತ ಹೆಚ್ಚು ವಾರ್ಡ್ ಗೆದ್ದ ಪಕ್ಷಕ್ಕೆ ಮೇಯರ್ ಪಟ್ಟ ಸಿಗಲಿಲ್ಲ. ಮೇಯರ್ ಆಯ್ಕೆಯಲ್ಲಿ ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮತವಿದ್ದುದರಿಂದ ಲೆಕ್ಕವೇ ಬದಲಾಯಿತು. ಪಕ್ಷೇತರರನ್ನು ಕೇರಳದ ರೆಸಾರ್ಟ್‌ಗೆ ಕರೆದೊಯ್ದದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. ಕಾನೂನಿನ ಪ್ರಕಾರ ಎಲ್ಲವೂ ಸರಿಯಿತ್ತು. ಆದರೆ ವಾರ್ಡಿನಲ್ಲಿ ಸಾಲುಗಟ್ಟಿ ನಿಂತು ಮತ ಹಾಕಿದವರಿಗೂ ಕೊನೆಗೆ ಗೌನು ತೊಟ್ಟು ಕೂತವರಿಗೂ ನಡುವಿನ ಕೊಂಡಿ ಸಡಿಲವಾಯಿತು.

ಇನ್ನು ಅವಧಿಯ ಮಾತು. 2010ರಿಂದ 2020ರವರೆಗೆ ಬೆಂಗಳೂರು ಹತ್ತು ಮೇಯರ್‌ಗಳನ್ನು ಕಂಡಿತು, ವರ್ಷಕ್ಕೊಬ್ಬರು. ಮೊದಲ ಮೂರು ತಿಂಗಳು ಸನ್ಮಾನ, ಕೊನೆಯ ಮೂರು ತಿಂಗಳು ಮುಂದಿನವರ ಲಾಬಿ. ಇಷ್ಟರಲ್ಲಿ ಒಂದು ಟೆಂಡರ್ ಕರೆದು ಕಾಮಗಾರಿ ಮುಗಿಸುವುದೂ ಕಷ್ಟ. ಕಾರ್ಯಾಂಗದ ಅಧಿಕಾರವಂತೂ ಕಮಿಷನರ್ ಬಳಿಯೇ ಇತ್ತು. ಆ ಕಮಿಷನರ್ ಅನ್ನು ನೇಮಿಸುವುದು, ಎತ್ತಂಗಡಿ ಮಾಡುವುದು ರಾಜ್ಯ ಸರ್ಕಾರ. ಅಮೆರಿಕದ ಅಧ್ಯಕ್ಷರಿಗಾದರೆ ನಾಲ್ಕು ವರ್ಷ ಖಚಿತ. ಅವಿಶ್ವಾಸ ನಿರ್ಣಯದ ಭಯವಿಲ್ಲ. ಮಂತ್ರಿಗಳನ್ನು ತಾವೇ ಹೆಸರಿಸುತ್ತಾರೆ, ತಾವೇ ಕಳಿಸುತ್ತಾರೆ. ಕೆಲಸ ಕೆಟ್ಟರೆ ಯಾರ ಕಡೆ ಬೆರಳು ತೋರಿಸಬೇಕೆಂದು ಮತದಾರನಿಗೆ ಗೊತ್ತಿರುತ್ತದೆ. ಹೆಬ್ಬಾಳ ಜಂಕ್ಷನ್‌ನಲ್ಲಿ ನಿಂತವರಿಗೆ ಆ ಅನುಕೂಲವಿಲ್ಲ. ಮೇಲ್ಸೇತುವೆ ಮತ್ತು ಅದರ ಹೊಸ ಲೂಪ್ ಬಿಡಿಎದ್ದು, ವಿಮಾನ ನಿಲ್ದಾಣದ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ಮೆಟ್ರೊ ಕಂಬ ಬಿಎಂಆರ್‌ಸಿಎಲ್‌ನದು, ಒಳಚರಂಡಿ ಜಲಮಂಡಳಿಯದು, ಬಸ್ಸು ಬಿಎಂಟಿಸಿಯದು, ಸಿಗ್ನಲ್ ಬಳಿ ನಿಂತವರು ಸಂಚಾರ ಪೊಲೀಸರು. ಇವರಲ್ಲಿ ಒಬ್ಬರೂ ಮೇಯರ್ ಮಾತು ಕೇಳಬೇಕಾದವರಲ್ಲ.

ಈ ಪಟ್ಟಿಯನ್ನೇ ಹಿಡಿದು ಎದುರು ಪಕ್ಷದವರು ತಮ್ಮ ವಾದ ಕಟ್ಟುತ್ತಾರೆ. ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಇವುಗಳಲ್ಲಿ ಬಹುಪಾಲು ಸಂಸ್ಥೆಗಳು ರಾಜ್ಯ ಸರ್ಕಾರದ ಕೈಕೆಳಗಿವೆ. ಅವನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವ ಶಕ್ತಿ ಇರುವುದು ಮುಖ್ಯಮಂತ್ರಿಗೆ ಮಾತ್ರ. ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯನ್ನೇ ಅಧ್ಯಕ್ಷರನ್ನಾಗಿ ಮಾಡಿರುವುದರ ಹಿಂದಿನ ತರ್ಕ ಇದೇ. ಉತ್ತರ ಪಾಲಿಕೆಯ ಮೇಯರ್ ಲಕ್ಷಾಂತರ ಮತ ಪಡೆದು ಗೆದ್ದರೂ ಮೆಟ್ರೊದವರು ಅಗೆದ ರಸ್ತೆಯನ್ನು ಅವರಿಂದಲೇ ಮುಚ್ಚಿಸಲು ಆಗದಿದ್ದರೆ ಆ ಮತಗಳ ಬಲ ಭಾಷಣಕ್ಕಷ್ಟೇ. ಆದರೆ ಮುಖ್ಯಮಂತ್ರಿ 224 ಕ್ಷೇತ್ರಗಳ ವಿಧಾನಸಭೆಗೆ ಉತ್ತರಿಸಬೇಕಾದವರು. ಬೀದರಿನ ಬರ, ಕೊಡಗಿನ ಮಳೆ ನೋಡಿಕೊಳ್ಳುವವರು ಜಕ್ಕೂರಿನ ಕಸದ ಲಾರಿ ಬಂತೋ ಇಲ್ಲವೋ ಎಂದು ವಿಚಾರಿಸಲಾರರು; ವಿಚಾರಿಸಬೇಕಾಗಿಯೂ ಇಲ್ಲ.

ನೇರ ಆಯ್ಕೆಯ ಪ್ರಯೋಗ ನಮ್ಮ ದೇಶಕ್ಕೆ ಹೊಸದಲ್ಲ. ಉತ್ತರ ಪ್ರದೇಶ, ಉತ್ತರಾಖಂಡಗಳಲ್ಲಿ ಜನರೇ ಮೇಯರ್ ಆರಿಸುತ್ತಾರೆ. ಅಷ್ಟಕ್ಕೇ ಅಲ್ಲಿನ ಮೇಯರ್‌ಗಳು ಬಲಶಾಲಿಗಳೇನೂ ಆಗಿಲ್ಲ. ಶಿಮ್ಲಾದ ಕಥೆ ಇನ್ನೂ ಪಾಠ ಹೇಳುವಂಥದ್ದು. 2012ರಲ್ಲಿ ಅಲ್ಲಿನ ಜನ ಸಿಪಿಎಂನವರನ್ನು ಮೇಯರ್, ಉಪಮೇಯರ್ ಎರಡೂ ಸ್ಥಾನಕ್ಕೆ ನೇರವಾಗಿ ಗೆಲ್ಲಿಸಿದರು. ಕೌನ್ಸಿಲ್‌ನಲ್ಲಿ ಮಾತ್ರ ಆ ಪಕ್ಷದವರು ಬೆರಳೆಣಿಕೆಯಷ್ಟು. ಮೇಯರ್ ಏತಿ ಎಂದರೆ ಪ್ರೇತಿ ಎನ್ನಬಲ್ಲ ಸಭೆಯನ್ನು ಎದುರಿಗಿಟ್ಟುಕೊಂಡು ಅವರು ಐದು ವರ್ಷ ಕೆಲಸ ಮಾಡಬೇಕಾಯಿತು. ಮುಂದಿನ ಚುನಾವಣೆ ಬರುವಷ್ಟರಲ್ಲಿ ಹಿಮಾಚಲ ಸರ್ಕಾರ ಕಾಯ್ದೆ ಬದಲಿಸಿ ಹಳೆಯ ಪದ್ಧತಿಗೇ ಮರಳಿತು. ಅಮೆರಿಕದಲ್ಲೂ ಇಂಥ ತಿಕ್ಕಾಟಕ್ಕೆ ಕೊರತೆಯಿಲ್ಲ. ಹಣಕಾಸು ಮಸೂದೆ ಪಾಸಾಗದೆ 2025ರ ಅಕ್ಟೋಬರ್ 1ರಿಂದ 43 ದಿನ ಅಲ್ಲಿನ ಸರ್ಕಾರದ ಎಷ್ಟೋ ಕಚೇರಿಗಳು ಮುಚ್ಚಿದ್ದವು.

ವರ್ಷಕ್ಕೊಬ್ಬ ಮೇಯರ್ ಎಂಬುದನ್ನು ಬೈಯುವಾಗ ನಾವು ಮರೆಯುವ ಒಂದು ಮಾತಿದೆ. ಸರದಿಯ ಮೀಸಲಾತಿಯಿಂದ ಆ ಹತ್ತು ವರ್ಷಗಳಲ್ಲಿ ಶಾರದಮ್ಮ, ಶಾಂತಕುಮಾರಿ, ಪದ್ಮಾವತಿ, ಗಂಗಾಂಬಿಕೆ ಹೀಗೆ ನಾಲ್ವರು ಮಹಿಳೆಯರು ಮೇಯರ್ ಆದರು. ಇಡೀ ನಗರದಲ್ಲಿ ನೇರ ಚುನಾವಣೆ ಎಂದರೆ ಲೋಕಸಭಾ ಚುನಾವಣೆಯಷ್ಟೇ ಖರ್ಚು. ಅಷ್ಟು ದುಡ್ಡು ಸುರಿಯಬಲ್ಲ ಮನೆತನಗಳು ಉತ್ತರ ಬೆಂಗಳೂರಿನಲ್ಲಿ ಯಾವ ವ್ಯವಹಾರದಿಂದ ಬೆಳೆದವು ಎಂಬುದು ಭೂಮಿಯ ದರ ನೋಡಿದವರಿಗೆ ಹೇಳಬೇಕಿಲ್ಲ.

ಆದರೂ ನನ್ನನ್ನು ಹೆಚ್ಚು ಕಾಡುವುದು ಆಯ್ಕೆಯ ವಿಧಾನ ಅಲ್ಲ, ದುಡ್ಡಿನ ಹಿಡಿತ. ಅಮೆರಿಕದ ಅಧ್ಯಕ್ಷರ ಶಕ್ತಿಯನ್ನು ಹೊಗಳುವವರು ಅವರ ಸುತ್ತ ಹಾಕಿರುವ ಬೇಲಿಯನ್ನೂ ನೋಡಬೇಕು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಒಪ್ಪದೆ ಖಜಾನೆಯಿಂದ ಕಾಸು ಹೊರಡಬಾರದು. ಅವರ ವೀಟೊವನ್ನು ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತ ಮೀರಬಲ್ಲದು. 1952ರಲ್ಲಿ, ಕೊರಿಯಾ ಯುದ್ಧದ ನಡುವೆ, ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ಪಡೆದಾಗ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಈ ಬೇಲಿ ಎಲ್ಲ ಕಾಲಕ್ಕೂ ಭದ್ರವಾಗಿದೆ ಎನ್ನಲಾಗದು. ಈವರೆಗೆ ಮೂವರು ಅಧ್ಯಕ್ಷರ ಮೇಲೆ ನಾಲ್ಕು ಬಾರಿ ಮಹಾಭಿಯೋಗ ನಡೆದರೂ ಸೆನೆಟ್ ಒಬ್ಬರನ್ನೂ ಪದಚ್ಯುತಗೊಳಿಸಿಲ್ಲ. ಹಾಗಿದ್ದೂ ಬೇಲಿ ಇದೆ. ನಮ್ಮಲ್ಲಿ ನೋಡಿ: 2025-26ರ ಸಾಲಿಗೆ ಬಿಬಿಎಂಪಿ ಮಂಡಿಸಿದ ಬಜೆಟ್ ಸುಮಾರು 19,900 ಕೋಟಿ ರೂಪಾಯಿ. ಅದನ್ನು ಓದಿದವರು ಅಧಿಕಾರಿಗಳು, ಅನುಮೋದಿಸಿದವರೂ ಅಧಿಕಾರಿಗಳು. ಒಬ್ಬನೇ ಒಬ್ಬ ಚುನಾಯಿತ ಸದಸ್ಯ ಎದ್ದುನಿಂತು ಯಲಹಂಕದ ಕಾಲುವೆಗೆ ಎಷ್ಟು ಇಟ್ಟಿದ್ದೀರಿ ಎಂದು ಕೇಳುವ ಸಭೆಯೇ ಇರಲಿಲ್ಲ.

ಕೌನ್ಸಿಲ್ ಇದ್ದಾಗಲೂ ದೊಡ್ಡ ನಿರ್ಧಾರಗಳು ಅದರ ಬಳಿ ಸುಳಿಯುತ್ತಿರಲಿಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆಗೆ 2016ರಲ್ಲಿ ಒಪ್ಪಿಗೆ ಕೊಟ್ಟದ್ದು ಸಚಿವ ಸಂಪುಟ, ಕಟ್ಟಬೇಕಾಗಿದ್ದದ್ದು ಬಿಡಿಎ. ಮರಗಳಿಗಾಗಿ ಜನ ಕೈಕೈ ಹಿಡಿದು ಸರಪಳಿ ಕಟ್ಟಿದರು, ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಎನ್ನುತ್ತಿದ್ದಾರೆ. ಅದೂ ಮೇಲಿಂದಲೇ ಇಳಿದು ಬಂದದ್ದು.

ತಕ್ಕಡಿ ಹಿಡಿದು ಹೇಳುವುದಾದರೆ, ನೇರ ಚುನಾವಣೆಗೆ ನಾನು ಈಗಲೇ ಕೈ ಎತ್ತುವುದಿಲ್ಲ. ಕಾರ್ಪೊರೇಟರ್‌ಗಳೇ ಆರಿಸಲಿ, ಆದರೆ ಶಾಸಕ, ಸಂಸದರ ಮತ ಬೇಡ. ಐದು ಪಾಲಿಕೆಗಳನ್ನು ತಂದ ಹೊಸ ಕಾಯ್ದೆಯಲ್ಲಿ ಮೇಯರ್ ಅವಧಿ 30 ತಿಂಗಳು. ವರ್ಷಕ್ಕಿಂತ ವಾಸಿ; ಐದು ವರ್ಷವಾದರೆ ಇನ್ನೂ ಮೇಲು. ಕಮಿಷನರ್ ಉತ್ತರ ಕೊಡಬೇಕಾದದ್ದು ಮೇಯರ್‌ಗೆ, ಬಜೆಟ್ ತಿದ್ದುವ, ತಡೆಯುವ ಹಕ್ಕು ಕೌನ್ಸಿಲ್‌ಗೆ. ಜಲಮಂಡಳಿಯಂಥ ಸಂಸ್ಥೆಗಳು ತಮ್ಮ ಕಾಮಗಾರಿ ಪಟ್ಟಿಯನ್ನು ಪಾಲಿಕೆಯ ಮುಂದಿಟ್ಟೇ ರಸ್ತೆ ಅಗೆಯಬೇಕು. ಇದಕ್ಕೆ ಸಂವಿಧಾನ ತಿದ್ದುವ ಅಗತ್ಯವಿಲ್ಲ. ಮೇಯರ್ ಆಯ್ಕೆ ಹೇಗಿರಬೇಕು, ಪಾಲಿಕೆಗೆ ಎಷ್ಟು ಅಧಿಕಾರ ಎಂಬುದನ್ನು ಸಂವಿಧಾನ ರಾಜ್ಯದ ಶಾಸಕಾಂಗಕ್ಕೇ ಬಿಟ್ಟಿದೆ. ಆದರೆ ಬಲವಾದ ಮೇಯರ್ ಬಂದರೆ ವಾರ್ಡಿನ ಅನುದಾನ, ಕಾಮಗಾರಿಗಳ ಮೇಲಿನ ಹಿಡಿತ ಮೊದಲು ತಪ್ಪುವುದು ನಗರದ ಶಾಸಕರಿಗೇ, ಕಾಯ್ದೆಯ ತಿದ್ದುಪಡಿಗೆ ಕೈ ಎತ್ತಬೇಕಾದವರೂ ಅವರೇ. ಮುಂದಿನ ಸಲ ಮತ ಕೇಳಲು ಬಂದಾಗ ಬ್ಯಾಟರಾಯನಪುರ, ಹೆಬ್ಬಾಳ, ಯಲಹಂಕದ ಮತದಾರರು ರಸ್ತೆ, ನೀರಿನ ಜೊತೆಗೆ ಈ ತಿದ್ದುಪಡಿಯ ವಿಷಯವನ್ನೂ ಅವರ ಬಾಯಿಂದ ಹೇಳಿಸಿಕೊಳ್ಳಬೇಕು.