ಅಂಗಡಿಯ ಗಾಂಜಾ, ಊರಿನ ಮಕ್ಕಳು

ಅಮೆರಿಕದ ಕೊಲರಾಡೊ ರಾಜ್ಯದ ಜನ 2012ರಲ್ಲಿ ಮತ ಹಾಕಿ ಗಾಂಜಾವನ್ನು ಕಾನೂನಿನೊಳಗೆ ತಂದರು. 2014ರ ಜನವರಿ 1ರಿಂದ 21 ತುಂಬಿದ ಯಾರಾದರೂ ಅಂಗಡಿಗೆ ಹೋಗಿ ಕೊಳ್ಳಬಹುದಾಯಿತು. ಆದರೆ 'ನಮ್ಮ ಊರಲ್ಲಿ ಬೇಡ' ಎನ್ನುವ ಅಧಿಕಾರ ಆಯಾ ಊರಿನ ಕೈಯಲ್ಲೇ ಉಳಿಯಿತು. ಡೆನ್ವರ್ ಒಪ್ಪಿಕೊಂಡಿತು. ಸೇನಾನೆಲೆಗಳೂ ದೊಡ್ಡ ದೊಡ್ಡ ಚರ್ಚುಗಳೂ ಇರುವ ಕೊಲರಾಡೊ ಸ್ಪ್ರಿಂಗ್ಸ್ ಹತ್ತು ವರ್ಷ ಒಪ್ಪಲಿಲ್ಲ. ವೈದ್ಯರ ಶಿಫಾರಸು ಇದ್ದವರಿಗೆ ಮಾರುವ ಅಂಗಡಿಗಳು ಮಾತ್ರ ಅಲ್ಲಿ ನಡೆದಿದ್ದವು. ಕೊನೆಗೆ 2024ರ ನವೆಂಬರಿನಲ್ಲಿ ಮತದಾರರೇ ಆ ನಿಷೇಧವನ್ನು ತೆಗೆದರು.

ಬೇಡ ಎಂದ ಹತ್ತು ವರ್ಷವೂ ಊರಿಗೆ ಗಾಂಜಾ ಬರುತ್ತಲೇ ಇತ್ತು. ಪಕ್ಕಕ್ಕೆ ಅಂಟಿಕೊಂಡಂತಿರುವ ಪುಟ್ಟ ಮ್ಯಾನಿಟೂ ಸ್ಪ್ರಿಂಗ್ಸ್‌ನಲ್ಲಿ ಅಂಗಡಿಗಳಿದ್ದವು. ಕೊಲರಾಡೊ ಸ್ಪ್ರಿಂಗ್ಸ್‌ನವರು ಕಾರು ಹತ್ತಿ ಹೋಗಿ ಕೊಂಡು ತರುತ್ತಿದ್ದರು, ತೆರಿಗೆ ಮ್ಯಾನಿಟೂವಿನ ಬೊಕ್ಕಸ ಸೇರುತ್ತಿತ್ತು. ಅಂಗಡಿ ಬೇಕೆಂದವರ ಮೊದಲ ವಾದವೇ ಇದು. ಆದರೆ ತೆರಿಗೆಯ ಮಾತು ನನಗೆ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ರಾಜ್ಯದ ಒಟ್ಟು ಗಾಂಜಾ ಮಾರಾಟ 2021ರಲ್ಲಿ 220 ಕೋಟಿ ಡಾಲರ್ ಮುಟ್ಟಿ, 2024ರ ಹೊತ್ತಿಗೆ 140 ಕೋಟಿಯ ಆಸುಪಾಸಿಗೆ ಇಳಿದಿತ್ತು. ಹೀಗೆ ಏರಿಳಿಯುವ ಹಣ ನೆಚ್ಚಿ ಶಾಲೆ ಕಟ್ಟಿಸುತ್ತೇವೆ ಎನ್ನುವುದು ಕಷ್ಟ.

ಅಂಗಡಿ ಬೇಕೆಂದವರ ಗಟ್ಟಿ ವಾದ ಬೇರೆ ಇದೆ. ಕದ್ದು ಮಾರುವವನು ಹುಡುಗನ ವಯಸ್ಸು ಕೇಳುವುದಿಲ್ಲ. ಪರವಾನಗಿ ಕಳೆದುಕೊಳ್ಳುವ ಭಯವಿರುವ ಅಂಗಡಿಯವನು ಬಾಗಿಲಲ್ಲೇ ಗುರುತಿನ ಚೀಟಿ ಕೇಳುತ್ತಾನೆ. ಅಂಗಡಿ ಬಂದರೆ ಹೈಸ್ಕೂಲಿನ ಮಕ್ಕಳೆಲ್ಲ ಹಾಳಾಗುತ್ತಾರೆ ಎಂಬ ಭವಿಷ್ಯವಾಣಿಯೂ ನಿಜವಾಗಲಿಲ್ಲ. ಕಳೆದ 30 ದಿನಗಳಲ್ಲಿ ಗಾಂಜಾ ಸೇವಿಸಿದ್ದೇವೆ ಎಂದ ಕೊಲರಾಡೊ ವಿದ್ಯಾರ್ಥಿಗಳ ಪ್ರಮಾಣ 2013ರಲ್ಲಿ ಶೇ. 20ರಷ್ಟಿತ್ತು. 2019ರಲ್ಲೂ ಹೆಚ್ಚುಕಡಿಮೆ ಅಷ್ಟೇ. 2021ರಲ್ಲಿ ಶೇ. 13ಕ್ಕೆ ಇಳಿಯಿತು. ಹಾಗೆಂದು ಇಳಿಕೆಯ ಹಿರಿಮೆಯನ್ನು ಅಂಗಡಿಗಳಿಗೆ ಕಟ್ಟುವಂತೆಯೂ ಇಲ್ಲ. ಕೊರೊನಾ ಕಾಲದಲ್ಲಿ ಮಕ್ಕಳು ಮನೆಯಲ್ಲೇ ಇದ್ದರು, ಅಂಗಡಿಯೇ ಇಲ್ಲದ ರಾಜ್ಯಗಳಲ್ಲೂ ಸೇವನೆ ಇಳಿದಿತ್ತು.

ಹಾಗಾದರೆ ಬೇಡ ಎನ್ನುವವರ ಭಯ ಬರಿಯ ಮಡಿವಂತಿಕೆಯೇ? ಅಲ್ಲ. ಎಷ್ಟು ಮಕ್ಕಳು ಸೇದುತ್ತಾರೆ ಎಂಬ ಲೆಕ್ಕದಲ್ಲಿ ಸಿಗದ ಸಂಗತಿಯೊಂದಿದೆ: ಅವರು ಸೇದುತ್ತಿರುವುದು ಏನು? ಇವತ್ತಿನ ಅಪ್ಪ ಅಮ್ಮಂದಿರು ತಮ್ಮ ಕಾಲೇಜು ದಿನಗಳಲ್ಲಿ ಕಂಡ ಗಾಂಜಾ ಇದಲ್ಲ. ಅಮಲೇರಿಸುವ ಟಿಎಚ್‌ಸಿ ಆಗಿನ ಸೊಪ್ಪಿನಲ್ಲಿ ಶೇ. 4ರ ಹತ್ತಿರ ಇರುತ್ತಿತ್ತು. ಈಗಿನ ಹೂವಿನಲ್ಲಿ ಶೇ. 15 ದಾಟುವುದು ಸಾಮಾನ್ಯ, ಭಟ್ಟಿ ಇಳಿಸಿದಂಥ ಸಾರದಲ್ಲಿ ಶೇ. 60ರಿಂದ 90. ಮಿದುಳು ಇಪ್ಪತ್ತೈದರವರೆಗೂ ಬಲಿಯುತ್ತಿರುತ್ತದೆ. ಎಳೆ ವಯಸ್ಸಿನಲ್ಲಿ ದಿನಾ ಸೇವಿಸುವವರಿಗೆ, ಅದರಲ್ಲೂ ತೀಕ್ಷ್ಣವಾದುದನ್ನು ಸೇವಿಸುವವರಿಗೆ, ಚಿತ್ತಭ್ರಮೆಯ ಅಪಾಯ ಹೆಚ್ಚು ಎಂದು ಮನೋವೈದ್ಯರು ಎಚ್ಚರಿಸುತ್ತಲೇ ಬಂದಿದ್ದಾರೆ. ಈ ಸಾರ ಅಂದದ ಡಬ್ಬಿಗಳಲ್ಲಿ ಕೂತು ಎಲ್ಲೆಡೆ ಹರಡಿದ್ದು ವ್ಯಾಪಾರ ಕಾನೂನುಬದ್ಧವಾದ ಮೇಲೆ. ಪುಟ್ಟ ಮಕ್ಕಳ ಪಾಡು ಇನ್ನೂ ನೇರ. ಆರು ವರ್ಷದೊಳಗಿನ ಮಕ್ಕಳು ಗಾಂಜಾ ಸೇರಿದ ತಿಂಡಿ ತಿಂದ ಬಗ್ಗೆ ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ 2017ರಲ್ಲಿ ಬಂದ ವರದಿಗಳು 207, 2021ರಲ್ಲಿ 3,054. ಮಿಠಾಯಿ ಎಂದುಕೊಂಡು ಮಗು ಬಾಯಿಗಿಟ್ಟುಕೊಳ್ಳುವುದು ಬಹುಪಾಲು ಅದರ ಮನೆಯಲ್ಲೇ, ಅಂಗಡಿಯಲ್ಲಲ್ಲ.

ಅಲ್ಲಿಗೆ ಓದಲು ಹೋಗುವ ನಮ್ಮ ಹುಡುಗರಿಗೆ ಇನ್ನೊಂದು ತೊಡಕಿದೆ. ರಾಜ್ಯ ಒಪ್ಪಿದರೂ ಕೇಂದ್ರದ ಕಾನೂನಿನಲ್ಲಿ ಗಾಂಜಾ ಇನ್ನೂ ನಿಯಂತ್ರಿತ ವಸ್ತು. ವೀಸಾದ ಮೇಲಿರುವವರು ಬೋರ್ಡು ಹಾಕಿದ ಅಂಗಡಿಯಲ್ಲೇ ಕೊಂಡಿದ್ದರೂ ವಲಸೆ ಅಧಿಕಾರಿಯ ಮುಂದೆ ಅದು ಮುಳುವಾಗಬಹುದು.

ನಾನು ಕೊಲರಾಡೊ ಸ್ಪ್ರಿಂಗ್ಸ್‌ನ ಮತದಾರನಾಗಿದ್ದರೆ ಬಹುಶಃ ಅಂಗಡಿ ಇರಲಿ ಎಂದೇ ಒತ್ತುತ್ತಿದ್ದೆ. ಹತ್ತು ನಿಮಿಷದ ದಾರಿಯಲ್ಲಿ ಸಿಗುವುದನ್ನು ನಮ್ಮ ಗಡಿಯೊಳಗೆ ತಡೆದು ಮಕ್ಕಳನ್ನು ಉಳಿಸಿದೆವು ಎನ್ನಲು ಬಾಯಿ ಬಾರದು. ಆದರೆ ಮತದಾನಕ್ಕೆ ಮುನ್ನ ಅಲ್ಲಿನ ಕೌನ್ಸಿಲ್ ಅಂಗಡಿಗೂ ಶಾಲೆಗೂ ಒಂದು ಮೈಲಿ ಅಂತರವಿರಬೇಕೆಂದು ನಿಯಮ ಮಾಡಿದ್ದು ನೋಡಿದರೆ, ಬೇಕೆಂದವರೂ ಬೇಡವೆಂದವರೂ ಜಗಳವಾಡಿದ್ದು ಸುಲಭದ ವಿಷಯಕ್ಕೆ ಅನಿಸುತ್ತದೆ. ಜೇಬಿನಲ್ಲಿಟ್ಟು ಒಯ್ಯಬಹುದಾದ ಶೇ. 80ರ ಸಾರಕ್ಕೆ ಒಂದು ಮೈಲಿ ಏನು ಲೆಕ್ಕ? ವೈದ್ಯಕೀಯ ಚೀಟಿ ಇರುವ 18ರಿಂದ 20 ವರ್ಷದವರು ದಿನಕ್ಕೆ ಕೊಳ್ಳಬಹುದಾದ ಸಾರವನ್ನು 2 ಗ್ರಾಮಿಗೆ ಇಳಿಸುವ ಕಾನೂನನ್ನು ಕೊಲರಾಡೊ 2021ರಲ್ಲಿ ತಂದಿತು. 21 ದಾಟಿದವರ ಮೂಲಕ ತಮ್ಮಂದಿರ ಕೈಸೇರುವ ಮಾಲಿಗೆ ಅಂಥ ಕಡಿವಾಣ ಹಾಕುವುದು ಹೇಗೆಂದು ಎರಡೂ ಕಡೆಯವರು ಇನ್ನೂ ಹೇಳಿಲ್ಲ.